ಒಂದು ಅಂಕದ ಪ್ರಶ್ನೆಯ ಹಿಂದಿನ ವೈದ್ಯ

ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತಿರುವ ಪ್ರಶ್ನೆ ಇದು. ಆಸ್ಲರ್ ಗಂಟುಗಳು ಯಾವ ಕಾಯಿಲೆಯ ಲಕ್ಷಣ? ಕೆಳಗೆ ನಾಲ್ಕು ಆಯ್ಕೆ. ಸರಿ ಉತ್ತರ ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪೊರೆಗೆ, ಅದರಲ್ಲೂ ಕವಾಟಗಳಿಗೆ ತಗಲುವ ಸೋಂಕು. ಸಿಗುವುದು ಒಂದು ಅಂಕ. ನಾನೂ ಇದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಆಸ್ಲರ್ ಎಂಬುವರು ಯಾರು, ಆ ಗಂಟನ್ನು ಎಲ್ಲಿ ನೋಡಿದರು ಎಂದು ಯೋಚಿಸುವ ಗೋಜಿಗೆ ಹೋಗಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಮನೆಯಲ್ಲೇ ನಡೆದ ಸಂಗತಿ.

ನಮ್ಮೂರು ರಾಯಚೂರು ತಾಲ್ಲೂಕಿನ ಚಂದ್ರಬಂಡ. ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದ. ದಿನಾ ನಸುಕಿನಲ್ಲಿ ಎದ್ದು ಓಡುತ್ತಿದ್ದ. ಒಂದು ಬೇಸಿಗೆಯಲ್ಲಿ ಅವನಿಗೆ ಸೊಂಟ ಹಿಡಿದುಕೊಂಡಿತು. ಆಮೇಲೆ ಮೊಣಕಾಲು, ಭುಜ. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು. ಓಡಿ ಓಡಿ ಹೀಗಾಗಿದೆ ಎಂದರು ಮನೆಯವರು. ಚಿಕೂನ್‌ಗುನ್ಯಾ ಇರಬೇಕು ಎಂದರು ಓಣಿಯವರು. ಒಂದು ಕಡೆ ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು, ಇನ್ನೊಂದು ಕಡೆ ನೋವಿನ ಸೂಜಿ ಮಾಡಿದರು. ಎರಡು ದಿನ ಆರಾಮ, ಮತ್ತೆ ಅದೇ ಗೋಳು. ಎರಡು ತಿಂಗಳಲ್ಲಿ ಅಣ್ಣ ಗುರುತು ಸಿಗದಷ್ಟು ಇಳಿದುಹೋದ.

ಕೊನೆಗೆ ರಾಯಚೂರಿನಲ್ಲಿ ಒಬ್ಬ ವೈದ್ಯರು ಅವನ ಮೊಣಕಾಲು ಮುಟ್ಟುವ ಮೊದಲು ಕೈಬೆರಳುಗಳನ್ನು ನೋಡಿದರು. ಬೆರಳ ತುದಿಯಲ್ಲಿ ಎರಡು ಸಣ್ಣ ಕೆಂಪು ಗಂಟುಗಳಿದ್ದವು. ಅವರು ಒತ್ತಿದ ಕೂಡಲೇ ಅಣ್ಣ ಕೈ ಎಳೆದುಕೊಂಡ. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದ ಮೇಲೆ ಕೀಲುಗಳು ಊದಿಕೊಂಡಿದ್ದವೇ ಎಂದು ಕೇಳಿದರು. ದೊಡ್ಡವ್ವನಿಗೆ ನೆನಪಿತ್ತು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಾಗೇ ಆಗಿತ್ತು, ತಾನಾಗಿಯೇ ಹೋಗಿತ್ತು. ರಕ್ತ ಪರೀಕ್ಷೆ, ಎಕೋ ಎಲ್ಲ ಆಯಿತು. ಅಣ್ಣ ನೋವು ನೋವು ಎನ್ನುತ್ತಿದ್ದದ್ದು ಮೂಳೆ, ಕೀಲು. ಸೋಂಕು ಇದ್ದದ್ದು ಹೃದಯದ ಕವಾಟದಲ್ಲಿ.

ಆರು ವಾರ ಅವನಿಗೆ ರಕ್ತನಾಳದ ಮೂಲಕ ಔಷಧ ಕೊಟ್ಟರು. ಅವನ ಮಂಚದ ಪಕ್ಕ ಕೂತು ನಾನು ವಿಲಿಯಂ ಆಸ್ಲರ್ ಅವರ ಜೀವನವನ್ನು ಓದಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗ

ವಿಲಿಯಂ ಆಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಕೆನಡಾದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ. ಆಗಿನ್ನೂ ಅದು ಕಾಡು ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ಸೀಮೆ. ತಂದೆ ಫೆದರ್‌ಸ್ಟೋನ್ ಆಸ್ಲರ್ ಮೊದಲು ನೌಕಾಪಡೆಯಲ್ಲಿದ್ದು, ಆಮೇಲೆ ಪಾದ್ರಿಯಾಗಿ ಇಂಗ್ಲೆಂಡಿನಿಂದ ಅಲ್ಲಿಗೆ ಬಂದವರು. ತಾಯಿ ಎಲೆನ್. ಮನೆ ತುಂಬ ಮಕ್ಕಳು. ಗಂಡುಮಕ್ಕಳಲ್ಲಿ ವಿಲಿಯಂ ಕೊನೆಯವನು. 1857ರಲ್ಲಿ ಕುಟುಂಬ ಡಂಡಾಸ್ ಎಂಬ ಊರಿಗೆ ಬಂತು.

ಹುಡುಗ ಜಾಣ, ಜೊತೆಗೆ ಮಹಾ ತುಂಟ. 1864ರಲ್ಲಿ ಮುಖ್ಯೋಪಾಧ್ಯಾಯರ ಬಗ್ಗೆ ಬಾಗಿಲ ಸಂದಿಯಿಂದ ಏನೋ ಕೂಗಿ ಶಾಲೆಯಿಂದ ಹೊರಬಿದ್ದ. ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋದ. ಕೊನೆಗೆ ವೆಸ್ಟನ್ ಎಂಬಲ್ಲಿನ ಟ್ರಿನಿಟಿ ಕಾಲೇಜ್ ಸ್ಕೂಲಿಗೆ ಸೇರಿದಾಗ ಅವನ ಬದುಕು ತಿರುಗಿತು.

ಆ ಶಾಲೆ ನಡೆಸುತ್ತಿದ್ದವರು ವಿಲಿಯಂ ಜಾನ್ಸನ್ ಎಂಬ ಪಾದ್ರಿ. ಅವರಿಗೆ ಪ್ರಕೃತಿಯ ಹುಚ್ಚು. ಹುಡುಗರನ್ನು ಹೊಲ, ಹಳ್ಳ, ಕಾಡು ಎಂದು ಸುತ್ತಿಸುತ್ತಿದ್ದರು. ಕೆರೆಯ ನೀರು, ಪಾಚಿ, ಕಲ್ಲಿನೊಳಗಿನ ಪಳೆಯುಳಿಕೆ ಎಲ್ಲವನ್ನೂ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸುತ್ತಿದ್ದರು. ಅವರ ಗೆಳೆಯ ಜೇಮ್ಸ್ ಬೋವೆಲ್ ಎಂಬ ವೈದ್ಯರೂ ಹಾಗೇ. ಈ ಇಬ್ಬರ ಒಡನಾಟದಲ್ಲಿ ಆಸ್ಲರ್ ಕಣ್ಣಿಟ್ಟು ನೋಡುವುದನ್ನು ಕಲಿತರು. ಮೊದಲು ನೋಡು, ನೋಡಿದ್ದನ್ನು ಬರೆದಿಡು, ಆಮೇಲೆ ಹೆಸರು ಕೊಡು ಎನ್ನುವ ಅಭ್ಯಾಸ ಅಲ್ಲಿ ಬಂದದ್ದು.

ತಂದೆಯಂತೆ ತಾವೂ ಪಾದ್ರಿಯಾಗಬೇಕೆಂದು 1867ರಲ್ಲಿ ಟೊರೊಂಟೊದ ಟ್ರಿನಿಟಿ ಕಾಲೇಜಿಗೆ ಸೇರಿದರು. ಒಂದೇ ವರ್ಷಕ್ಕೆ ಮನಸ್ಸು ಬದಲಾಯಿತು. ವೈದ್ಯಕೀಯಕ್ಕೆ ಹೊರಳಿದರು. 1870ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1872ರಲ್ಲಿ ಪದವಿ ಪಡೆದರು. ಎರಡು ವರ್ಷ ಲಂಡನ್, ಬರ್ಲಿನ್, ವಿಯೆನ್ನಾಗಳಲ್ಲಿ ಓದಿದರು. ಲಂಡನ್ನಿನ ಪ್ರಯೋಗಾಲಯದಲ್ಲಿ ರಕ್ತವನ್ನು ನೋಡುತ್ತ ಪ್ಲೇಟ್‌ಲೆಟ್‌ಗಳ ಬಗ್ಗೆ ಮಹತ್ವದ ಟಿಪ್ಪಣಿ ಮಾಡಿದರು. ಡೆಂಗಿ ಬಂದಾಗ ನಾವೆಲ್ಲ ಎಣಿಸಿ ಗಾಬರಿಯಾಗುವ ಅದೇ ಪ್ಲೇಟ್‌ಲೆಟ್. ಆಗ ಅವರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಸತ್ತವರಿಂದ ಕಲಿತದ್ದು

1874ರಲ್ಲಿ ಮೆಕ್‌ಗಿಲ್‌ಗೇ ಅಧ್ಯಾಪಕರಾಗಿ ಮರಳಿದರು. ಸಂಬಳ ಕಡಿಮೆ. ಮಾಂಟ್ರಿಯಲ್ ಜನರಲ್ ಆಸ್ಪತ್ರೆಯ ಸಿಡುಬಿನ ವಾರ್ಡಿನಲ್ಲಿ ಕೆಲಸ ಒಪ್ಪಿಕೊಂಡರು. ಯಾರೂ ಬಯಸದ ಕೆಲಸ ಅದು. ಅವರಿಗೇ ಸಿಡುಬು ಅಂಟಿತು, ಅದೃಷ್ಟಕ್ಕೆ ಬದುಕಿದರು. ಆ ಕೆಲಸದಿಂದ ಬಂದ ಹಣದಲ್ಲಿ ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕಗಳನ್ನು ತರಿಸಿದರು.

ಅದೇ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಹೊಣೆಯೂ ಅವರಿಗೆ ಬಂತು. ಮಾಂಟ್ರಿಯಲ್‌ನಲ್ಲಿದ್ದ ಹತ್ತು ವರ್ಷಗಳಲ್ಲಿ ಸುಮಾರು 800 ಶವಪರೀಕ್ಷೆ ಮಾಡಿದರು. ಪ್ರತಿಯೊಂದನ್ನೂ ಕೈಯಾರೆ ಬರೆದಿಟ್ಟರು. ಬದುಕಿದ್ದಾಗ ರೋಗಿ ಹೇಳಿಕೊಂಡ ನೋವಿಗೂ ಸತ್ತ ಮೇಲೆ ದೇಹದೊಳಗೆ ಕಂಡದ್ದಕ್ಕೂ ತಾಳೆ ಹಾಕಿ ನೋಡುವುದು ಅವರ ಕ್ರಮ. ಹೀಗೆ ನೋಡುವಾಗ ಕೆಲವು ಹೃದಯಗಳು ಅವರ ಗಮನ ಸೆಳೆದವು. ಕವಾಟಗಳ ಅಂಚಿನಲ್ಲಿ ಹೂಕೋಸಿನಂಥ ಬೆಳೆ. ಅದರಿಂದ ಕಳಚಿದ ಚೂರುಗಳು ರಕ್ತದಲ್ಲಿ ಹರಿದು ಮೂತ್ರಪಿಂಡ, ಗುಲ್ಮ, ಮಿದುಳಿನಲ್ಲಿ ಸಿಕ್ಕಿಕೊಂಡಿರುತ್ತಿದ್ದವು. ಆ ರೋಗಿಗಳಲ್ಲಿ ಎಷ್ಟೋ ಮಂದಿ ಬದುಕಿದ್ದಾಗ ಎದೆ ನೋವೆಂದು ಹೇಳಿಯೇ ಇರಲಿಲ್ಲ. ಜ್ವರ ಎಂದಿದ್ದರು, ಚಳಿ ಎಂದಿದ್ದರು, ಮೈಕೈ ನೋವು ಎಂದಿದ್ದರು.

1884ರಲ್ಲಿ ಆಸ್ಲರ್ ಅಮೆರಿಕದ ಫಿಲಡೆಲ್ಫಿಯಾಕ್ಕೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷ, 1885ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅವರನ್ನು ಗುಲ್‌ಸ್ಟೋನಿಯನ್ ಉಪನ್ಯಾಸಗಳಿಗೆ ಕರೆಯಿತು. 35 ವರ್ಷದ ಆಸ್ಲರ್ ಅಲ್ಲಿ ಮಾತಾಡಿದ್ದು ಈ ಒಂದೇ ಕಾಯಿಲೆಯ ಬಗ್ಗೆ. ಆಗ ಅದಕ್ಕೆ ಮಾರಕ ಎಂಡೋಕಾರ್ಡೈಟಿಸ್ ಎನ್ನುತ್ತಿದ್ದರು. ತಾವು ಕಂಡ ರೋಗಿಗಳನ್ನೂ ಬೇರೆಯವರು ಬರೆದಿಟ್ಟ ಪ್ರಕರಣಗಳನ್ನೂ ಒಟ್ಟಿಗೆ ಇಟ್ಟು ಅವರು ಈ ಕಾಯಿಲೆಯ ಚಿತ್ರ ಬಿಡಿಸಿದರು. ಮೊದಲೇ ಹಾಳಾಗಿದ್ದ ಕವಾಟದ ಮೇಲೆ ಇದು ಸುಲಭವಾಗಿ ನೆಲೆಯೂರುತ್ತದೆ ಎಂದು ತೋರಿಸಿದರು. ಇದು ಟೈಫಾಯ್ಡಿನಂತೆ, ಮಲೇರಿಯಾದಂತೆ ವೇಷ ಹಾಕಿಕೊಂಡು ಬರುತ್ತದೆ, ಆದ್ದರಿಂದ ವೈದ್ಯರು ಮೋಸ ಹೋಗುತ್ತಾರೆ ಎಂದು ಎಚ್ಚರಿಸಿದರು. ಅಣ್ಣನ ಟೈಫಾಯ್ಡ್ ಮಾತ್ರೆಗಳು ನನಗೆ ನೆನಪಾದದ್ದು ಇದನ್ನು ಓದಿದಾಗ.

ಹೃದಯದ ಕಾಯಿಲೆಗೆ ಕೀಲೇಕೆ ನೋಯುತ್ತದೆ?

ಇಂದು ನಮಗೆ ಗೊತ್ತಿರುವುದು ಹೀಗೆ. ಮೊದಲ ಹೆಜ್ಜೆ ಎಷ್ಟೋ ಸಲ ಬಾಲ್ಯದಲ್ಲೇ ಬೀಳುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಕೆಲವು ವಾರದ ನಂತರ ಕೆಲ ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಇವತ್ತು ಮೊಣಕಾಲು, ನಾಳೆ ಹರಡು, ನಾಡಿದ್ದು ಮೊಣಕೈ ಎಂದು ನೋವು ಜಾಗ ಬದಲಿಸುತ್ತದೆ. ಕೀಲು ಪೂರ್ತಿ ವಾಸಿಯಾಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಮಾತ್ರ ಉಳಿಯಬಹುದು.

ಎರಡನೆಯ ಹೆಜ್ಜೆ ವರ್ಷಗಳ ನಂತರ. ಹಲ್ಲು, ವಸಡು, ಚರ್ಮದ ಗಾಯ ಹೀಗೆ ಎಲ್ಲಿಂದಲೋ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಆ ಗಾಯಗೊಂಡ ಕವಾಟದ ಮೇಲೆ ಕೂರುತ್ತದೆ. ಅಲ್ಲಿಂದ ದಿನವಿಡೀ ರಕ್ತಕ್ಕೆ ಬ್ಯಾಕ್ಟೀರಿಯಾ ಬೀಳುತ್ತಿರುತ್ತದೆ. ದೇಹ ಅದರೊಂದಿಗೆ ಹೋರಾಡುವಾಗ ಉಂಟಾಗುವ ಉರಿಯೂತದಿಂದ ಕೀಲುಗಳು ನೋಯುತ್ತವೆ. ಕೆಲವೊಮ್ಮೆ ಬ್ಯಾಕ್ಟೀರಿಯಾವೇ ಹೋಗಿ ಕೀಲಿನಲ್ಲೋ ಬೆನ್ನುಮೂಳೆಯಲ್ಲೋ ಬೀಡು ಬಿಡುತ್ತದೆ. ಆಗ ಸೊಂಟ, ಬೆನ್ನು ತಡೆಯಲಾಗದಂತೆ ನೋಯುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಯಿಲೆಯ 192 ರೋಗಿಗಳ ಪೈಕಿ 84 ಮಂದಿಗೆ ಮೂಳೆ, ಕೀಲು, ಸ್ನಾಯುಗಳ ತೊಂದರೆ ಇತ್ತು. ಕೆಲವರಲ್ಲಿ ಮೊದಲು ಕಾಣಿಸಿದ್ದೇ ಆ ನೋವು.

ಹಾಗಂತ ಪ್ರತಿ ಮೊಣಕಾಲು ನೋವೂ ಹೃದಯದ್ದಲ್ಲ. ದಿನವಿಡೀ ಬಗ್ಗಿ ಹತ್ತಿ ಬಿಡಿಸಿದರೆ ಸೊಂಟ ನೋಯುತ್ತದೆ. ಆದರೆ ನೋವಿನ ಜೊತೆ ವಾರಗಟ್ಟಲೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಸೇರಿಕೊಂಡರೆ ಅದು ಬೇರೆ ಮಾತು.

ತರಗತಿಯಿಂದ ವಾರ್ಡಿಗೆ

1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಶುರುವಾದಾಗ ಆಸ್ಲರ್ ಅಲ್ಲಿನ ಮುಖ್ಯ ವೈದ್ಯರಾದರು. ಆ ಕಾಲದಲ್ಲಿ ಅಮೆರಿಕದಲ್ಲಿ ರೋಗಿಯನ್ನು ಒಮ್ಮೆಯೂ ಸರಿಯಾಗಿ ಮುಟ್ಟದೆ, ಬರೀ ಭಾಷಣ ಕೇಳಿ ಡಾಕ್ಟರ್ ಆದವರು ಬಹಳ ಮಂದಿ ಇದ್ದರು. ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದರು. ಪ್ರತಿ ವಿದ್ಯಾರ್ಥಿಗೂ ಕೆಲವು ರೋಗಿಗಳ ಹೊಣೆ. ಅವರ ಕಥೆ ಕೇಳಬೇಕು, ಮೈ ಪರೀಕ್ಷಿಸಬೇಕು, ರಕ್ತ, ಮೂತ್ರ ತಾನೇ ನೋಡಬೇಕು, ಎಲ್ಲರ ಮುಂದೆ ವಿವರಿಸಬೇಕು. ಇಂದು ನರ್ಸಿಂಗ್ ವಿದ್ಯಾರ್ಥಿಗಳು ಕೇಸ್ ಸ್ಟಡಿ ಬರೆಯುವುದು, ವೈದ್ಯಕೀಯ ವಿದ್ಯಾರ್ಥಿಗಳು ಬೆಡ್‌ಸೈಡ್ ಕ್ಲಿನಿಕ್‌ಗೆ ಹೋಗುವುದು ಈ ದಾರಿಯ ಮುಂದುವರಿಕೆಯೇ. ತಮ್ಮ ಜೀವನದ ಎಲ್ಲ ಕೆಲಸಗಳಲ್ಲಿ ಹೆಚ್ಚು ಉಪಯುಕ್ತವೂ ಮುಖ್ಯವೂ ಆದದ್ದು ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಲಿಸಿದ್ದು ಎಂದು ಅವರು ಹೇಳಿದ್ದರು.

1892ರಲ್ಲಿ ಎರಡು ದೊಡ್ಡ ಘಟನೆಗಳಾದವು. ಅವರ ವೈದ್ಯಕೀಯ ಪಠ್ಯಪುಸ್ತಕ ಹೊರಬಂತು. ಗ್ರೇಸ್ ರೆವಿಯರ್ ಗ್ರಾಸ್ ಎಂಬ ವಿಧವೆಯನ್ನು ಮದುವೆಯಾದರು. ಆ ಪುಸ್ತಕ ಇಂಗ್ಲಿಷ್ ಓದುವ ದೇಶಗಳಲ್ಲೆಲ್ಲ ದಶಕಗಳ ಕಾಲ ವೈದ್ಯರ ಮೇಜಿನ ಮೇಲಿತ್ತು. ಅದರ ವಿಶೇಷ ಅದರ ಪ್ರಾಮಾಣಿಕತೆ. ರೋಗವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿ, ಔಷಧದ ವಿಷಯ ಬಂದಾಗ ಇದಕ್ಕೆ ನಿಜವಾದ ಮದ್ದು ಇಲ್ಲ ಎಂದು ಎಷ್ಟೋ ಕಡೆ ನೇರವಾಗಿ ಒಪ್ಪಿಕೊಂಡಿದ್ದರು. ಕೋಟ್ಯಧಿಪತಿ ರಾಕ್‌ಫೆಲರ್ ಅವರ ಸಲಹೆಗಾರ ಫ್ರೆಡರಿಕ್ ಗೇಟ್ಸ್ 1897ರಲ್ಲಿ ಈ ಪುಸ್ತಕ ಓದಿದರು. ವೈದ್ಯರಿಗೆ ಇಷ್ಟು ಕಾಯಿಲೆಗಳಿಗೆ ಮದ್ದೇ ಗೊತ್ತಿಲ್ಲವೇ ಎಂದು ಬೆರಗಾದರು. 1901ರಲ್ಲಿ ನ್ಯೂಯಾರ್ಕಿನಲ್ಲಿ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಹುಟ್ಟಲು ಆ ಓದು ಕಾರಣವಾಯಿತು. ತನಗೆ ಗೊತ್ತಿಲ್ಲ ಎಂದು ಬರೆದದ್ದರಿಂದಲೂ ಇಷ್ಟು ದೊಡ್ಡ ಕೆಲಸ ಆಗಬಹುದು.

ಆಸ್ಲರ್ ತಪ್ಪೇ ಮಾಡದ ಮನುಷ್ಯ ಅಲ್ಲ. 1905ರಲ್ಲಿ ಹಾಪ್‌ಕಿನ್ಸ್ ಬಿಡುವಾಗ ಮಾಡಿದ ವಿದಾಯ ಭಾಷಣದಲ್ಲಿ, ನಲವತ್ತು ದಾಟಿದವರಿಂದ ಹೊಸದೇನೂ ಹುಟ್ಟುವುದಿಲ್ಲ, ಅರವತ್ತಕ್ಕೆ ಎಲ್ಲರೂ ನಿವೃತ್ತರಾಗಬೇಕು ಎಂಬ ಧಾಟಿಯಲ್ಲಿ ಮಾತಾಡಿದರು. ಜೊತೆಗೆ ಕ್ಲೋರೋಫಾರ್ಮ್ ಕೊಟ್ಟು ಮುಗಿಸುವ ಒಂದು ಕಾದಂಬರಿಯ ತಮಾಷೆಯನ್ನೂ ಸೇರಿಸಿದರು. ಪತ್ರಿಕೆಗಳು ಅದನ್ನು ನಿಜವೆಂಬಂತೆ ಬರೆದು ದೇಶವಿಡೀ ಗದ್ದಲವಾಯಿತು. ಹಾಸ್ಯದ ಮಾತೂ ಯಾರಿಗೆ ಚುಚ್ಚುತ್ತದೆ ಎಂದು ಯೋಚಿಸಬೇಕು ಎನ್ನುವುದು ಅವರಿಗೆ ಆಗ ಗೊತ್ತಾಗಿರಬೇಕು.

ಬೆರಳ ತುದಿಯ ಗಂಟು

1905ರಲ್ಲಿ ಆಸ್ಲರ್ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯದ ರೀಜಿಯಸ್ ಪ್ರಾಧ್ಯಾಪಕರಾದರು. ಆ ಹೊತ್ತಿಗೆ ಅವರು ಲೋಕಪ್ರಸಿದ್ಧ. ಹಳೆಯ ಕಾಯಿಲೆಯನ್ನು ಮಾತ್ರ ಬಿಟ್ಟಿರಲಿಲ್ಲ. 1909ರಲ್ಲಿ ದೀರ್ಘಕಾಲದ ಎಂಡೋಕಾರ್ಡೈಟಿಸ್ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳುಗಟ್ಟಲೆ ಜ್ವರ ಬರುತ್ತ, ನಿಧಾನವಾಗಿ ಕ್ಷೀಣಿಸುತ್ತ ಹೋದ ಹತ್ತು ರೋಗಿಗಳ ವಿವರ ಅದರಲ್ಲಿತ್ತು. ಅವರ ಕೈಕಾಲು ಬೆರಳ ತುದಿಗಳಲ್ಲಿ ಸಣ್ಣ, ಕೆಂಪಾದ, ಮುಟ್ಟಿದರೆ ನೋಯುವ ಗಂಟುಗಳು ಬಂದು ಹೋಗುತ್ತಿದ್ದವು. ಕೆಲವು ಗಂಟೆಯೋ ಕೆಲವು ದಿನವೋ ಇದ್ದು ಮಾಯವಾಗುವ ಇವು ಸೋಂಕಿನ ಗುರುತು ಎಂದು ಆಸ್ಲರ್ ಬರೆದರು. ಇದರತ್ತ ತಮ್ಮ ಗಮನ ಸೆಳೆದದ್ದು ಹ್ಯಾಮಿಲ್ಟನ್ ಊರಿನ ಮಲ್ಲಿನ್ ಎಂಬ ವೈದ್ಯರು ಎಂದೂ ಹೇಳಿದರು. ಹೆಸರು ಮಾತ್ರ ಆಸ್ಲರ್ ಅವರದೇ ನಿಂತಿತು. ಈ ಕಾಯಿಲೆ ಗುರುತಿಸಲು ವೈದ್ಯರು ಇಂದು ಬಳಸುವ ಡ್ಯೂಕ್ ಮಾನದಂಡಗಳಲ್ಲೂ ಈ ಗಂಟಿಗೆ ಜಾಗವಿದೆ.

ಇಷ್ಟೆಲ್ಲ ತಿಳಿದಿದ್ದರೂ ಆಸ್ಲರ್ ಅವರ ಕೈಯಲ್ಲಿ ಮದ್ದಿರಲಿಲ್ಲ. ಗಂಟು ನೋಡಿ, ಎದೆಯ ಸದ್ದು ಕೇಳಿ ಕಾಯಿಲೆ ಇದೇ ಎಂದು ಹೇಳಬಲ್ಲವರಾಗಿದ್ದರು. ಆಮೇಲೆ ಆ ರೋಗಿ ಸಾಯುವುದನ್ನು ನೋಡಬೇಕಿತ್ತು. ಅಣ್ಣನ ಪಕ್ಕ ಕೂತು ಓದುವಾಗ ನನಗೆ ಹೆಚ್ಚು ಕಾಡಿದ್ದು ಇದೇ. ವಾಸಿ ಮಾಡಲಾಗದ ಕಾಯಿಲೆಯನ್ನು 1885ರಿಂದ 1909ರವರೆಗೂ ಯಾಕೆ ಬೆನ್ನು ಹತ್ತಿದರು? ನೋಡಿದ್ದನ್ನು ಸರಿಯಾಗಿ ಬರೆದಿಟ್ಟರೆ ಮುಂದೆ ಯಾರಿಗಾದರೂ ಉಪಯೋಗವಾದೀತು ಎನ್ನುವುದನ್ನು ಬಿಟ್ಟು ಬೇರೆ ಕಾರಣ ನನಗೆ ಹೊಳೆಯಲಿಲ್ಲ.

ಕೊನೆಯ ವರ್ಷಗಳು

ಆಸ್ಲರ್ ದಂಪತಿಯ ಮೊದಲ ಮಗು 1893ರಲ್ಲಿ ಹುಟ್ಟಿದ ಕೆಲ ದಿನಗಳಲ್ಲೇ ತೀರಿಕೊಂಡಿತ್ತು. 1895ರಲ್ಲಿ ಹುಟ್ಟಿದ ರೆವಿಯರ್ ಒಬ್ಬನೇ ಮಗ. ಮೊದಲ ಮಹಾಯುದ್ಧದಲ್ಲಿ ಅವನು ಸೇನೆಯ ಫಿರಂಗಿ ದಳ ಸೇರಿದ. 1917ರ ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಗಾಯಗೊಂಡ. ಸುದ್ದಿ ತಿಳಿದು ಹಾರ್ವೆ ಕುಶಿಂಗ್ ಸೇರಿದಂತೆ ತಂದೆಯ ಗೆಳೆಯರಾಗಿದ್ದ ಹೆಸರಾಂತ ಅಮೆರಿಕನ್ ವೈದ್ಯರು ರಾತ್ರೋರಾತ್ರಿ ಅವನ ಬಳಿಗೆ ಧಾವಿಸಿದರು. ಉಳಿಸಿಕೊಳ್ಳಲಾಗಲಿಲ್ಲ. ಅವನಿಗೆ 21 ವರ್ಷ. ಲೋಕಕ್ಕೆಲ್ಲ ವೈದ್ಯ ಕಲಿಸಿದ ತಂದೆಗೆ ಮಗನ ಮುಖ ನೋಡಲೂ ಆಗಲಿಲ್ಲ.

ಆ ದುಃಖದಲ್ಲೂ ಆಸ್ಲರ್ ಮನೆಯ ಬಾಗಿಲು ಮುಚ್ಚಲಿಲ್ಲ. ವಿದ್ಯಾರ್ಥಿಗಳು, ಯುದ್ಧಕ್ಕೆ ಬಂದ ತರುಣ ವೈದ್ಯರು ಬರುತ್ತಲೇ ಇದ್ದರು. 1919ರ ಡಿಸೆಂಬರ್ 29ರಂದು, ಎಪ್ಪತ್ತನೇ ವಯಸ್ಸಿನಲ್ಲಿ, ಶ್ವಾಸಕೋಶದ ಸೋಂಕಿನಿಂದ ಅವರು ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಜೀವನವಿಡೀ ಕೂಡಿಸಿದ ಸುಮಾರು 8000 ಪುಸ್ತಕಗಳನ್ನು ತಾವು ಓದಿದ ಮೆಕ್‌ಗಿಲ್‌ಗೆ ಬಿಟ್ಟುಹೋಗಿದ್ದರು. ಆ ಪುಸ್ತಕಗಳ ನಡುವೆಯೇ ಅವರ ಚಿತಾಭಸ್ಮವನ್ನೂ ಇಟ್ಟಿದ್ದಾರೆ.

ಮದ್ದು ಬಂದದ್ದು ಅವರು ಹೋದ ಮೇಲೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಪೆನಿಸಿಲಿನ್ ಗುರುತಿಸಿದರು. ಅದನ್ನು ಔಷಧವಾಗಿಸಿದ್ದು ಆಕ್ಸ್‌ಫರ್ಡ್‌ನ ತಂಡ. ಆಸ್ಲರ್ ರೋಗಿಗಳನ್ನು ನೋಡುತ್ತಿದ್ದ, ಪಾಠ ಮಾಡುತ್ತಿದ್ದ ಆಕ್ಸ್‌ಫರ್ಡ್‌ನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲೇ 1941ರಲ್ಲಿ ಅದನ್ನು ಮೊದಲಿಗೆ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಆ ದಶಕದಲ್ಲೇ ಎಂಡೋಕಾರ್ಡೈಟಿಸ್ ರೋಗಿಗಳು ಬದುಕಿ ಮನೆಗೆ ಹೋಗತೊಡಗಿದರು. ಮದ್ದು ಬಂದಾಗ ಅದನ್ನು ಯಾರಿಗೆ ಕೊಡಬೇಕು ಎಂದು ಗುರುತಿಸಲು ಆಸ್ಲರ್ ಬರೆದಿಟ್ಟದ್ದು ಸಿದ್ಧವಾಗಿತ್ತು.

ನಾವು ಮಾಡಬಹುದಾದದ್ದು

ಸ್ನೇಹಿತರೇ, ನಮ್ಮ ಓಣಿಗಳಲ್ಲಿ ಕೀಲು ನೋವೆಂದರೆ ಒಂದು ಮಾತ್ರೆ, ಒಂದು ಸೂಜಿ. ಎರಡು ವಾರ ಮೀರಿದ ಜ್ವರದ ಜೊತೆ ಬೆನ್ನು, ಕೀಲು ನೋಯುತ್ತಿದ್ದರೆ ಎದೆಯನ್ನೂ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ. ನಾವೇ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಬಾರದು. ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಔಷಧ ಶುರುವಾಗುವ ಮೊದಲೇ ರಕ್ತ ತೆಗೆಯಬೇಕು. ಮೊದಲೇ ಅರ್ಧಂಬರ್ಧ ಔಷಧ ತಿಂದಿದ್ದರೆ ಅದು ಪತ್ತೆಯಾಗದೇ ಹೋಗಬಹುದು. ಗಂಟಲು ನೋವಿನ ನಂತರ ಮಕ್ಕಳ ಕೀಲು ಊದಿದರೆ ಆಟವಾಡಿ ಹೀಗಾಯಿತು ಎಂದು ಬಿಡಬಾರದು. ರುಮ್ಯಾಟಿಕ್ ಜ್ವರ ಎಂದು ಗೊತ್ತಾದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಯನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪಿಸಬಾರದು. ಕವಾಟದ ತೊಂದರೆ ಇದ್ದವರು ಹಲ್ಲು ಕೀಳಿಸುವ ಮೊದಲು ಅದನ್ನು ಹೇಳಲೇಬೇಕು.

ಅಣ್ಣ ಈಗ ಆರಾಮಾಗಿದ್ದಾನೆ. ಓಡುವ ನೌಕರಿಯ ಆಸೆ ಬಿಟ್ಟು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ತಪಾಸಣೆಗೆ ತಪ್ಪದೆ ಹೋಗುತ್ತಾನೆ.

ಹೋದ ತಿಂಗಳು ವಾರ್ಡ್ ಪೋಸ್ಟಿಂಗ್‌ನಲ್ಲಿ ಸೊಂಟ ನೋವು, ಜ್ವರ ಎಂದು ಬಂದಿದ್ದ ಒಬ್ಬ ಅಜ್ಜಿಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದೆ. ಏನೂ ಇರಲಿಲ್ಲ. ಆದರೂ ನೋಡಿದ್ದನ್ನು ಕೇಸ್ ಶೀಟಿನಲ್ಲಿ ಬರೆದೆ. ಪರೀಕ್ಷೆಯಲ್ಲಿ ಆ ಒಂದು ಅಂಕದ ಪ್ರಶ್ನೆ ಮತ್ತೆ ಬಂದರೆ ಉತ್ತರ ಗುರುತು ಮಾಡಲು ನನಗೆ ಎರಡು ಸೆಕೆಂಡ್ ಸಾಕು. ಆ ಉತ್ತರ ಕಂಡುಕೊಳ್ಳಲು ಒಬ್ಬ ಮನುಷ್ಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದರು ಎಂಬುದು ಈಗ ನನಗೆ ಗೊತ್ತು.